ನೀರಿಗಿಳಿಸಿದ ಕೈ

ಯುಸ್ತಿನಾಳ ಗಂಡ ದೆಮ್ಯಾನ್ ಸೆರೆಶಿಬಿರದಿಂದ ಮನೆಗೆ ಬಂದದ್ದು ಆಲೂಗಡ್ಡೆ ನಾಟಿಯ ನಟ್ಟನಡುವೆ. ಯುಸ್ತಿನಾ ಬಗ್ಗಿ ಸಾಲಿಗೆ ಬೀಜದ ಗಡ್ಡೆ ಹಾಕುತ್ತಿದ್ದಳು. ಅವಳ ಅತ್ತೆ ಪಲಾಜ್ಕಾ ಹಿಂದಿನಿಂದ ಮಣ್ಣು ಎಳೆದು ಮುಚ್ಚುತ್ತಾ ಬರುತ್ತಿದ್ದಳು. ಬೇಲಿಯಾಚೆ ಹರಕು ಹತ್ತಿಕೋಟಿನ ಒಬ್ಬ ಮುದುಕ ನಿಂತಿರುವುದನ್ನು ಮೊದಲು ಕಂಡದ್ದು ಅವಳೇ.

"ಏನಪ್ಪಾ, ನೀರು ಬೇಕಾ?" ಅಂದಳು.

"ಬೇಕಮ್ಮಾ" ಅಂದ ಆ ಮನುಷ್ಯ.

ದನಿ ಕೇಳಿದ್ದೇ ಗುದ್ದಲಿ ಬಿಸಾಡಿ, "ಅಯ್ಯೋ ನನ್ನ ಹೊಟ್ಟೆ ಉರಿಯಾ, ಇವನು ನಮ್ಮ ದೆಮ್ಯಾನ್ ಕಣೇ!" ಎಂದು ಕೂಗಿಕೊಂಡಳು ಮುದುಕಿ. ಮಾಸ್ಕೋದಲ್ಲಿ ಕೂತು ದೇಶ ಆಳುತ್ತಿದ್ದ ಮೀಸೆಯವನು ಸತ್ತ ಮೇಲೆ ಶಿಬಿರಗಳಿಂದ ಒಬ್ಬೊಬ್ಬರಾಗಿ ಹಿಂತಿರುಗುತ್ತಿದ್ದರು. ಬರುತ್ತಾನೆ ಎಂದು ಗೊತ್ತಿತ್ತು, ಯಾವಾಗ ಎಂದು ಗೊತ್ತಿರಲಿಲ್ಲ. ಯುಸ್ತಿನಾ ಕೈಯಲ್ಲಿದ್ದ ಗಡ್ಡೆಯನ್ನು ಸಾಲಿಗೆ ಹಾಕಿ, ಕೈ ಒರೆಸಿಕೊಂಡು ಬೇಲಿಯ ಹತ್ತಿರ ಹೋದಳು. ಉಳಿದ ಸಾಲುಗಳನ್ನು ಮರುದಿನ ಮೂವರೂ ಸೇರಿ ಮುಗಿಸಿದರು.

ಊರಿನವರು ಈ ಮನೆಯನ್ನು ಷ್ಟುಂಡರ ಮನೆ ಎಂದು ಹಂಗಿಸುತ್ತಿದ್ದರು. ಷ್ಟುಂಡರೆಂದರೆ ದೇವರ ಪಟಕ್ಕೆ ದೀಪ ಹಚ್ಚದ ಕ್ರೈಸ್ತರು, ಮದ್ಯ ಮುಟ್ಟದವರು, ಬೆಳೆದು ಬುದ್ಧಿ ಬಂದ ಮೇಲೆ ಕೆರೆಯಲ್ಲಿ ಮುಳುಗಿ ದೀಕ್ಷಾಸ್ನಾನ ಮಾಡುವವರು. ಪಲಾಜ್ಕಾ ಮಾತ್ರ ಅವರಲ್ಲಿ ಸೇರಿದವಳಲ್ಲ. ಕಸೂತಿ ಬಟ್ಟೆ ಹೊದಿಸಿದ ಅವಳ ಪಟ ಮೂಲೆಯಲ್ಲೇ ಇತ್ತು. ಮಗ ಸೊಸೆ ಅಡ್ಡಿ ಮಾಡಿರಲಿಲ್ಲ, ಅವಳೂ ಪಟ ಇಳಿಸಿರಲಿಲ್ಲ.

ಭಾನುವಾರದ ಸಭೆ ಈ ಮನೆಯಲ್ಲೇ ಸೇರುತ್ತಿತ್ತು. ಸಭೆ ಸೇರಿದ್ದಕ್ಕೆ ಪೊಲೀಸರು ಗಂಡಸರನ್ನೆಲ್ಲ ಒಂದೇ ಚಳಿಗಾಲದಲ್ಲಿ ಎತ್ತಿಕೊಂಡು ಹೋದಾಗ ಉಳಿದದ್ದು ಹೆಂಗಸರು, ಮತ್ತೆ ಸಾವಾ ಎಂಬ ಕಾಲು ಬಿದ್ದ, ಕಣ್ಣು ಮಂಜಾದ ಮುದುಕ. ಸತ್ಯವೇದ ಓದುವುದು, ಓದಿದ್ದಕ್ಕೆ ಅರ್ಥ ಹೇಳುವುದು, ಕರ್ತನ ಭೋಜನದ ರೊಟ್ಟಿ ಮುರಿಯುವುದು, ಎಲ್ಲ ಒಂದೊಂದಾಗಿ ಯುಸ್ತಿನಾಳ ಪಾಲಿಗೆ ಬಂತು. ಯಾರೂ ಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ. ಹಸು ಕರೆಯಬೇಕಾದವರು ಊರಲ್ಲಿಲ್ಲದಾಗ ಇದ್ದವರು ಕರೆಯುವುದಿಲ್ಲವೇ, ಹಾಗೆ.

ದೆಮ್ಯಾನ್ ಬಂದ ಮೊದಲ ಭಾನುವಾರ ಅವಳು ಎಂದಿನಂತೆ ರೊಟ್ಟಿ ಸುಟ್ಟು, ಬಿಳಿ ಬಟ್ಟೆ ಸುತ್ತಿ ಮೇಜಿನ ಮೇಲಿಟ್ಟಳು. ಅವನು ಮೇಜಿನ ತಲೆಯ ಕುರ್ಚಿಯಲ್ಲಿ ಕೂತು ರೊಟ್ಟಿ ಮುರಿದ. ಅವಳು ಬಾಗಿಲ ಹತ್ತಿರದ ಬೆಂಚಿನಲ್ಲಿ ಹೆಂಗಸರ ಜೊತೆ ಕೂತಳು. ನಿಜ ಹೇಳಬೇಕೆಂದರೆ ಅವಳಿಗೆ ಸಂಕಟವೇನೂ ಆಗಲಿಲ್ಲ. ತಲೆಯ ಮೇಲಿನ ಹೊರೆ ಇಳಿದ ಹಾಗಾಗಿ, ಅವನು ಉಪದೇಶ ಮಾಡುತ್ತಿರುವಾಗ ಒಂದು ಗಳಿಗೆ ತೂಕಡಿಸಿಯೂ ಬಿಟ್ಟಳು.

ಎಡವಟ್ಟಾದದ್ದು ಆ ವಾರದ ನಡುವೆ, ರಾತ್ರಿಯ ಊಟದಲ್ಲಿ. ಬೀಟ್‌ರೂಟಿನ ಬೋರ್ಷ್ ಸಾರಿತ್ತು, ಬೇಯಿಸಿದ ಆಲೂಗಡ್ಡೆ ಇತ್ತು.

"ದೋಮ್ಕಾಗೆ ದೀಕ್ಷಾಸ್ನಾನ ಆಗಿದೆಯಂತೆ" ದೆಮ್ಯಾನ್ ಮಗಳ ಕಡೆ ನೋಡಿ ನಕ್ಕ. "ಒಳ್ಳೇದಾಯ್ತು. ಯಾರು ಕೊಟ್ರು? ಜಿಲ್ಲೆಯಿಂದ ಯಾರಾದ್ರೂ ಸೋದರರು ಬಂದಿದ್ರಾ?"

"ಅಮ್ಮ ಕೊಟ್ಟಿದ್ದು" ಅಂದಳು ದೋಮ್ಕಾ.

"ಯಾವ ಅಮ್ಮ?"

"ನನಗಿರೋದು ಒಬ್ಬಳೇ ಅಮ್ಮ ಅಪ್ಪಾ."

ಪಲಾಜ್ಕಾ ಸಾರು ನೆತ್ತಿಗೆ ಹತ್ತುವ ಹಾಗೆ ನಕ್ಕಳು. ದೆಮ್ಯಾನ್ ನಗಲಿಲ್ಲ. ಚಮಚ ಕೆಳಗಿಟ್ಟ.

"ಹೆಂಗಸು ದೀಕ್ಷೆ ಕೊಡೋದು ಎಲ್ಲಾದ್ರೂ ಉಂಟಾ ಯುಸ್ತಿನಾ?"

"ಕೊಡೋಕೆ ಇನ್ಯಾರಿದ್ರು?"

"ಕಾಯಬಹುದಿತ್ತು."

"ಎಲ್ಲೀವರೆಗೆ? ನಿನಗೆ ಇಪ್ಪತ್ತೈದು ವರ್ಷ ಅಂತ ಬರೆದಿದ್ರು. ಜನ ಬಂದು, ನಾವು ನಂಬಿದ್ದೀವಿ, ನೀರಿಗಿಳಿಸು ಅಂದ್ರೆ ಏನು ಹೇಳಲಿ? ಇಪ್ಪತ್ತೈದು ವರ್ಷ ತಡೀರಿ ಅನ್ನಲಾ?"

"ಇನ್ನೂ ಯಾರ್ಯಾರು?"

ಅವಳು ಹೆಸರು ಹೇಳಿದಳು. ಬೀಟ್ ಹೊಲದ ಒರೀನಾ, ಕೊಟ್ಟಿಗೆಯಲ್ಲಿ ಹಾಲು ಕರೆಯುವ ಅಕ್ಕ ತಂಗಿ, ಗಾಡಿ ರಿಪೇರಿಯವನ ಹೆಂಡತಿ. ಒಂದು ಹೆಸರು ಹೇಳದೆ ಬಿಟ್ಟಳು. ಅವನೂ ಕೇಳಲಿಲ್ಲ.

ಆ ಹೆಸರು ವಸಿಲೀನಾ. ಅವರ ದೊಡ್ಡ ಮಗಳು. ಒಂದು ಶರತ್ಕಾಲದಲ್ಲಿ ಅಮ್ಮನ ಕೈಯಿಂದ ನೀರಿಗಿಳಿದವಳು, ಮುಂದಿನ ಮಾಗಿ ಮುಗಿಯುವ ಮೊದಲೇ ಎದೆಗೆ ಶೀತ ಹಿಡಿದು ಜ್ವರ ಬಂದು ತೀರಿಕೊಂಡಳು. ಬಂದ ದಿನವೇ ಮಗಳ ಸಾವಿನ ಸುದ್ದಿ ದೆಮ್ಯಾನ್‌ಗೆ ಗೊತ್ತಾಗಿತ್ತು. ಒಬ್ಬನೇ ಸಮಾಧಿಗೆ ಹೋಗಿ ಬಂದು, ಕತ್ತಲಾಗುವ ತನಕ ಸೌದೆ ಸೀಳಿದ್ದ. ಅಲ್ಲಿಂದೀಚೆಗೆ ಆ ಹೆಸರನ್ನು ಅವನು ಎತ್ತಿರಲಿಲ್ಲ. ಅವನು ಎತ್ತಲಿಲ್ಲ ಎಂದು ಉಳಿದವರೂ ಎತ್ತಿರಲಿಲ್ಲ.

ಯುಸ್ತಿನಾ ಅಂದು ಪಾತ್ರೆ ತೊಳೆಯುತ್ತಾ ಯೋಚಿಸಿದ್ದು ಇಷ್ಟೇ. ತನ್ನ ಕೈಯ ದೀಕ್ಷೆ ಸಲ್ಲದು ಎಂದಾದರೆ ದೋಮ್ಕಾಳನ್ನು ಇನ್ನೊಮ್ಮೆ ಇಳಿಸಬಹುದು, ಒರೀನಾಳನ್ನು ಇಳಿಸಬಹುದು, ವಸಿಲೀನಾಳನ್ನು ಎಲ್ಲಿಂದ ತರುವುದು? ರಕ್ಷಿಸುವುದು ನಂಬಿಕೆಯೇ ಹೊರತು ನೀರಲ್ಲ ಎಂದು ಎಷ್ಟೋ ಜನಕ್ಕೆ ಅವಳೇ ಹೇಳಿಕೊಟ್ಟಿದ್ದಳು. ಅದು ಬೇರೆಯವರ ಮಕ್ಕಳ ಮಾತು. ಈ ಮಾತನ್ನು ಗಂಡನ ಮುಂದೆ ಆಡಲೂ ಅವಳಿಗೆ ಮನಸ್ಸು ಬರಲಿಲ್ಲ. ಸತ್ತ ಮಗಳನ್ನು ಎದುರಿಗಿಟ್ಟು ಅವನ ಬಾಯಿ ಮುಚ್ಚಿಸುವುದು ಅವಳಿಂದ ಆಗದ ಕೆಲಸ.

ಒತ್ತಾಗಿ ಬೆಳೆದ ಬೀಟ್ ಸಸಿ ಕಿತ್ತು ತೆಳುಮಾಡುವ ಕೆಲಸ ಶುರುವಾಯಿತು. ಸಾಮೂಹಿಕ ಬೇಸಾಯದ ಹೊಲದಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಸಾಲು, ಆಚೆ ತುದಿ ಕಣ್ಣಿಗೆ ಕಾಣದು. ಯುಸ್ತಿನಾಳ ಕೈ ಚುರುಕು. ತನ್ನ ಸಾಲು ಮುಗಿಸಿದವಳು, ಹಿಂದೆ ಬಿದ್ದವಳ ಸಾಲಿಗೆ ಆಚೆ ತುದಿಯಿಂದ ಕೈ ಹಾಕುತ್ತಿದ್ದಳು. ಇಬ್ಬರೂ ನಡುವೆ ಸಂಧಿಸುವಾಗ ಕೂತು ನೀರು ಕುಡಿಯುತ್ತಿದ್ದರು, ಆಗ ಮಾತು. ಅವಳು ಕರ್ತನ ಹೆಸರು ಹೇಳಿದ್ದೆಲ್ಲ ಹೀಗೆ, ಮೊದಲು ಸಾಲು, ಆಮೇಲೆ ಮಾತು. ಒರೀನಾ ಸಭೆಗೆ ಬಂದದ್ದೂ ಅಂಥ ಒಂದು ಸಾಲಿನ ನಡುವಿನಿಂದಲೇ. ಅಂದು ಅವಳ ಕಣ್ಣು ಊದಿಕೊಂಡಿತ್ತು, ಗಂಡ ಕುಡಿದು ಬಂದು ಹೊಡೆದಿದ್ದ.

ಈಗ ಅದೇ ಒರೀನಾ ಗುದ್ದಲಿಗೆ ಗಲ್ಲ ಊರಿ ಕೇಳಿದಳು. "ನಮ್ಮದು ಲೆಕ್ಕಕ್ಕಿಲ್ಲ ಅಂತ ನಿನ್ನ ಗಂಡ ಅಂದ್ನಂತೆ, ಹೌದೇನಕ್ಕಾ?"

"ಇನ್ನೂ ಏನೂ ಹೇಳಿಲ್ಲ. ಪ್ರಾಂತ್ಯದ ಹಿರಿಯರು ಬರ್ತಾರೆ, ಅವರು ಹೇಳ್ಬೇಕು."

"ಹಾಗಾದ್ರೆ ಇಷ್ಟು ವರ್ಷ ನಾನು ಏನಾಗಿದ್ದೆ? ಆ ಕುಡುಕ ಒದ್ದಾಗ ಶಾಪ ಹಾಕ್ದೆ ನುಂಗಿಕೊಂಡಿದ್ದು ಯಾತಕ್ಕೆ?" ಆಮೇಲೆ ದನಿ ತಗ್ಗಿಸಿ, "ವಸಿಲೀನಾ ಕಥೆ ಏನು?" ಅಂದಳು.

"ನಿನ್ನ ಸಾಲು ನೋಡ್ಕೋ ಹೋಗು" ಎಂದಳು ಯುಸ್ತಿನಾ. ಅಷ್ಟು ಒರಟಾಗಿ ಅವಳು ಯಾರಿಗೂ ಹೇಳಿದ್ದಿಲ್ಲ.

ದೆಮ್ಯಾನ್ ಕೆಟ್ಟವನಲ್ಲ. ಅವನಿಗೂ ನಿದ್ದೆ ಇರಲಿಲ್ಲ. ಒಂದು ಬೆಳಿಗ್ಗೆ ಹಸು ಕರೆಯುತ್ತಿದ್ದ ಹೆಂಡತಿಯ ಹತ್ತಿರ ಬಂದು ನಿಂತ.

"ದೀಕ್ಷೆ ಕೊಡುವಾಗ ಸಾವಾ ದಂಡೆ ಮೇಲಿದ್ನಂತೆ?"

"ಮೊದಲ ಸಲ ಇದ್ದ. ಗಾಡಿಯಲ್ಲಿ ಕೂರಿಸ್ಕೊಂಡು ಹೋಗಿದ್ವಿ."

"ಪ್ರಾರ್ಥನೆ ಮಾಡಿದ್ನಾ?"

"ಆಮೆನ್ ಅಂದ."

"ಸಾಕಲ್ಲ ಮತ್ತೆ! ಕೊಟ್ಟಿದ್ದು ಸಾವಾ, ಅವನಿಗೆ ಕಾಲಿಲ್ಲ ಅಂತ ನೀನು ಕೈ ಕೊಟ್ಟೆ. ಹಿರಿಯರಿಗೆ ಹಾಗಂತ ಹೇಳೋಣ. ಯಾರಿಗೂ ನೋವಿಲ್ಲ."

"ಸಾವಾ ಸತ್ತಿದ್ದಾನೆ, ಎದ್ದು ಬಂದು ಇಲ್ಲ ಅನ್ನಲ್ಲ. ಅದಕ್ಕಾ?"

"ಎಲ್ಲರ ದೀಕ್ಷೆ ಉಳೀಲಿ ಅಂತ ನಾನು ಹೇಳ್ತಿರೋದು."

ಎಲ್ಲರ ದೀಕ್ಷೆ. ಹಾಲಿನ ಬಕೆಟ್ಟಿನ ಮೇಲೆ ಯುಸ್ತಿನಾಳ ಕೈ ನಿಂತಿತು. ಸಾವಾನ ಹೆಸರಿನಲ್ಲಿ ವಸಿಲೀನಾಳದೂ ಉಳಿಯುತ್ತದೆ ಎಂದು ಅವಳಿಗೆ ಹೊಳೆಯಿತು. "ನೀನು ಏನಾದ್ರೂ ಹೇಳ್ಕೋ. ನಾನು ಹೂಂ ಅನ್ನಲ್ಲ, ಊಹೂಂ ಅನ್ನಲ್ಲ" ಅಂದಳು. ಹಾಗಂದದ್ದಕ್ಕೆ ದಿನವಿಡೀ ಅವಳ ಬಾಯಿ ಕಹಿಯಾಗಿತ್ತು.

ಪ್ರಾಂತ್ಯದ ಹಿರಿಯ ಸೋದರ ಕೊರ್ನೀಲ್ ಬಂದ ದಿನ ಮನೆಯಲ್ಲಿ ಕೋಳಿ ಕೊಯ್ದು ಶಾವಿಗೆ ಸಾರು ಮಾಡಿದ್ದರು. ಅವನೂ ಶಿಬಿರ ಕಂಡವನೇ, ಬಲಗೈಯ ಬೆರಳುಗಳು ಹಿಮಕ್ಕೆ ಹೋಗಿದ್ದವು. ತಟ್ಟೆಯನ್ನು ರೊಟ್ಟಿ ತುಂಡಿನಿಂದ ಒರೆಸಿ ತಿಂದು, ಸಭೆಯ ಸಮಾಚಾರ ಕೇಳಿದ. ಇಷ್ಟು ಜನಕ್ಕೆ ದೀಕ್ಷೆ ಆಗಿದೆ ಎಂದು ತಿಳಿದು ಅವನ ಮುಖ ಅರಳಿತು.

"ಕೊಟ್ಟವರು ಯಾರು?"

"ನಮ್ಮ ಸೋದರ ಸಾವಾ" ಅಂದ ದೆಮ್ಯಾನ್. ಯುಸ್ತಿನಾ ಮೇಜಿನ ಮೇಲಿನ ರೊಟ್ಟಿಪುಡಿಯನ್ನು ಬಳಿಯುತ್ತಾ ಕೂತಳು.

ದೊಡ್ಡ ಒಲೆಯ ಮೇಲೆ ಬೆಚ್ಚಗೆ ಮಲಗಲೆಂದೇ ಕಟ್ಟಿದ ಜಗಲಿಯಲ್ಲಿದ್ದ ಪಲಾಜ್ಕಾ ತಲೆ ಎತ್ತಿದಳು. "ಯಾವ ಸಾವಾ? ಆ ಕಾಲಿಲ್ಲದೋನಾ? ಅವನನ್ನ ಮೊಣಕಾಲು ನೀರಿಗೆ ಬಿಟ್ಟಿದ್ರೆ ಬಾತುಕೋಳಿ ಜೊತೆ ತೇಲಿಕೊಂಡು ಹೋಗ್ತಿದ್ದ!"

"ಅಮ್ಮಾ, ನೀನು ಸುಮ್ಮನಿರು."

"ಯಾಕೋ ಸುಮ್ಮನಿರಬೇಕು? ದಂಡೆ ಮೇಲೆ ಚಾದರ ಹಿಡಿದು ನಿಂತಿದ್ದೋಳು ನಾನು. ನಿಮ್ಮ ಸಭೆ ನಿಮಗಿರ್ಲಿ, ನನಗೆ ನನ್ನ ಪಟ ಸಾಕು. ಆದರೆ ಹುಡುಗೀರು ತೊಪ್ಪೆಯಾಗಿ ನಡುಗ್ತಾ ಮೇಲೆ ಬಂದ್ರೆ ಸುತ್ತೋಕೆ ಯಾರಾದ್ರೂ ಬೇಕಲ್ಲ? ಇವಳು ಎದೆಮಟ್ಟ ನೀರಲ್ಲಿ ನಿಂತು ಒಬ್ಬೊಬ್ಬರನ್ನಾಗಿ ಮುಳುಗಿಸಿದ್ಲು. ಆಮೇಲೆ ವಾರಗಟ್ಟಲೆ ಕೆಮ್ಮಿದ್ಲು. ಕೆಮ್ಮಿದ್ದು ಸಾವಾನಾ?"

ಕೊರ್ನೀಲ್ ಯುಸ್ತಿನಾಳ ಕಡೆ ತಿರುಗಿದ. "ನಿಜವೇನಮ್ಮಾ ತಂಗೀ?"

"ನಿಜ ಅಣ್ಣಾ" ಎಂದಳು ಯುಸ್ತಿನಾ. ತಮ್ಮ ಸಭೆಗೆ ಸೇರದ ಮುದುಕಿ ಸತ್ಯ ಹೇಳಿ, ತಾನು ರೊಟ್ಟಿಪುಡಿ ಬಳಿಯುತ್ತಾ ಕೂತದ್ದಕ್ಕೆ ಅವಳಿಗೆ ತಲೆ ಎತ್ತಲಾಗಲಿಲ್ಲ.

ಕೊರ್ನೀಲ್ ಕೂಗಾಡಲಿಲ್ಲ. ದೆಮ್ಯಾನ್‌ನನ್ನು ಒಂದು ಸಲ ದಿಟ್ಟಿಸಿ ನೋಡಿದ. ಆಮೇಲೆ, ಹೆಂಗಸರು ಸಭೆಯನ್ನು ಕಾಪಾಡಿದ್ದು ದೊಡ್ಡ ಮಾತು, ಆದರೆ ಕ್ರಮ ಕ್ರಮವೇ ಅಂದ. ಬರುವ ಹಬ್ಬದ ಭಾನುವಾರ ಬೆಳಿಗ್ಗೆ ಎಲ್ಲರೂ ಮತ್ತೆ ನೀರಿಗಿಳಿಯಬೇಕು, ದೆಮ್ಯಾನ್ ಇಳಿಸಬೇಕು. ಅದೇ ದಿನ ಅವನನ್ನು ಸಭೆಯ ಹಿರಿಯನಾಗಿ ನೇಮಿಸುವುದು. ಅಷ್ಟು ಹೇಳಿ, ಕಾಲ ಮೇಲೆ ಟೊಪ್ಪಿಗೆ ಇಟ್ಟುಕೊಂಡು ಪ್ರಾರ್ಥನೆ ಮಾಡಿ ಹೊರಟುಹೋದ.

ಬಾಗಿಲು ಮುಚ್ಚಿದ್ದೇ ತಡ, ದೋಮ್ಕಾ ಶುರುಮಾಡಿದಳು. "ನಾನು ಇಳಿಯಲ್ಲ."

"ಹಿರಿಯರ ಮಾತು ಅದು."

"ಅಪ್ಪಾ, ನಿಮಗೆ ದೀಕ್ಷೆ ಕೊಟ್ಟೋನು ಯಾರು? ಉಗ್ರಾಣದ ಹ್ನಾತ್ ತಾನೆ?"

"ಅವನ ಮಾತು ಇಲ್ಲಿ ಯಾಕೆ?"

"ಯಾಕೆ ಅಂದ್ರೆ ನಿಮ್ಮನ್ನ ಎಳ್ಕೊಂಡು ಹೋದ ವರ್ಷವೇ ಅವನು ಊರಿನ ಕ್ಲಬ್ಬಲ್ಲಿ ಎದ್ದು ನಿಂತು ದೇವರಿಲ್ಲ ಅಂತ ಹೇಳಿ ಉಗ್ರಾಣದ ಬೀಗದ ಕೈ ಇಸ್ಕೊಂಡ. ಅವನು ಮುಳುಗಿಸಿದ್ದು ಸರಿಯಂತೆ, ಅಮ್ಮ ಮುಳುಗಿಸಿದ್ದು ತಪ್ಪಂತೆ!"

"ಕೊಟ್ಟಾಗ ಅವನು ನಂಬಿದ್ದ!"

"ಅಮ್ಮ ಈಗಲೂ ನಂಬ್ತಾಳೆ!"

ದೆಮ್ಯಾನ್ ಮೇಜು ಗುದ್ದಿದ. ಹಾಲಿನ ಹೂಜಿ ಉರುಳಿತು. ಪಲಾಜ್ಕಾ ಮೇಲಿನಿಂದ, "ಹೊಡಿ, ಇನ್ನೂ ಹೊಡಿ. ಶಿಬಿರದಿಂದ ಬಂದೋನಿಗೆ ಮೇಜು ಸಿಕ್ಕಿದೆ" ಅಂದಳು. ಯುಸ್ತಿನಾ ಬಟ್ಟೆ ತಂದು ಹಾಲು ಒರೆಸಿದಳು.

"ಸಾಕು. ದೋಮ್ಕಾ, ಇಳಿ. ನೀರು ತಾನೆ, ಸುಡೋದಿಲ್ಲ. ಮನೆ ಎರಡಾಗೋದು ಬೇಡ" ಅಂದಳು.

"ನಿಂಗೆ ನಾಚಿಕೆ ಆಗಲ್ವಾ ಅಮ್ಮಾ?" ಎಂದು ಕೇಳಿ ದೋಮ್ಕಾ ಹೊರಗೆ ಹೋದಳು.

ಆಮೇಲಿನ ದಿನಗಳಲ್ಲಿ ತಂದೆ ಮಗಳು ಮಾತಾಡಲಿಲ್ಲ. ಉಪ್ಪು ಬೇಕಾದರೂ ಅಜ್ಜಿಯ ಮೂಲಕ ಕೇಳುತ್ತಿದ್ದರು. "ನಿನ್ನಪ್ಪಂಗೆ ಉಪ್ಪು ಬೇಕಂತೆ", "ನಿನ್ನ ಮಗಳು ತಗೋ ಅಂತಾಳೆ" ಎಂದು ನಡುವೆ ಕೂತು ಸಾಗಿಸಿ, ಕೊನೆಗೆ ಪಲಾಜ್ಕಾ ಉಪ್ಪಿನ ಡಬ್ಬಿಯನ್ನೇ ತನ್ನ ಮಡಿಲಲ್ಲಿಟ್ಟುಕೊಂಡಳು. ಯುಸ್ತಿನಾ ಸಭೆಯ ಹೆಂಗಸರ ಮನೆ ಮನೆಗೆ ಹೋಗಿ, ಇಳಿಯಿರಿ ಎಂದು ತಾನೇ ಹೇಳಿ ಬಂದಳು. ಕೆಲವರು ಅತ್ತರು. ಹೂಂ ಅಂದರು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅವಳು ದೀಕ್ಷೆಯ ಬಿಳಿ ಅಂಗಿಗಳನ್ನು ಒಗೆದು ಒಣಗಿಸಿ, ಕೆಂಡದ ಪೆಟ್ಟಿಗೆ ಹಿಡಿದು ಇಸ್ತ್ರಿ ಮಾಡುತ್ತಿದ್ದಳು. ದೆಮ್ಯಾನ್ ಒಳಗೆ ಬಂದು ಬೆಂಚಿನ ಮೇಲೆ ಕೂತ.

"ಇವು ಆವತ್ತಿನವೇನಾ?"

"ಆವತ್ತಿನವೇ. ದೋಮ್ಕಾದ್ದು ಮಾತ್ರ ತೋಳು ಬಿಚ್ಚಿ ಉದ್ದ ಮಾಡಿದ್ದೀನಿ. ಹಾಕ್ಕೋತಾಳೋ ಇಲ್ವೋ."

ಅವನು ಒಂದೊಂದೇ ಅಂಗಿಯ ಅಂಚು ಮುಟ್ಟಿ ನೋಡಿದ. ಅಂಗಿಗಳ ಕಡೆಯೇ ನೋಡುತ್ತಾ ಕೇಳಿದ. "ವಸಿಲೀನಾಗೆ... ಆಗಿತ್ತಾ?"

"ಆಗಿತ್ತು."

"ಅವಳ ಅಂಗಿ ಇಲ್ಲ ಇದರಲ್ಲಿ."

"ಅದರಲ್ಲೇ ಮಣ್ಣು ಮಾಡಿದ್ವಿ."

ಬಟ್ಟೆ ಸೀದ ವಾಸನೆ ಬಂತು. ಯುಸ್ತಿನಾ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. ಒರೀನಾಳ ಅಂಗಿಯ ಮೇಲೆ ಕಂದು ಕಲೆ ಕೂತಿತ್ತು.

"ನನಗೆ ಯಾಕೆ ಹೇಳ್ಲಿಲ್ಲ? ಅವತ್ತು ಹೆಸರು ಕೇಳಿದಾಗ ಹೇಳಬಹುದಿತ್ತು."

"ಹೇಳಿದ್ರೆ ನೀನು ಅವಳ ಮುಖ ನೋಡ್ಕೊಂಡು ಒಪ್ಕೋತಿದ್ದೆ. ಹಾಗೆ ಒಪ್ಕೊಳ್ಳೋದು ನನಗೆ ಬೇಡವಾಗಿತ್ತು." ಅಷ್ಟು ದಿನ ತಡೆದುಕೊಂಡದ್ದು ಆಗ ಅವಳಿಗೆ ತಡೆಯಲಾಗಲಿಲ್ಲ. "ನೀನು ಯಾಜಕನ ಹಾಗೆ ಕುರ್ಚಿಯಲ್ಲಿ ಕೂತ್ಕೋ, ರೊಟ್ಟಿ ಮುರಿ, ನನಗೇನೂ ಇಲ್ಲ. ನಾನು ಸಾಕಾಗಿ ಹೋಗಿದ್ದೀನಿ. ಆದರೆ ಒಂದು ಹೇಳು. ಕೊನೇ ದಿನ ಅವಳು ಉಸಿರಿಗೆ ಒದ್ದಾಡ್ತಾ, 'ಅಮ್ಮಾ, ನಾನು ಕರ್ತನವಳು ತಾನೆ?' ಅಂದ್ಲು. ಹೌದು ಮಗಳೇ ಅಂದೆ. ನಾನು ಸುಳ್ಳು ಹೇಳಿ ಕಳಿಸಿದ್ನಾ?"

ದೆಮ್ಯಾನ್ ಎದ್ದು ಹೋದ. ಕೊಡಲಿಯ ಸದ್ದು ಕೇಳುತ್ತದೆಂದು ಯುಸ್ತಿನಾ ಕಾದಳು. ಕೇಳಲಿಲ್ಲ. ಅವಳು ಕಣ್ಣೊರೆಸಿಕೊಂಡು ಉಳಿದ ಅಂಗಿಗಳ ಇಸ್ತ್ರಿ ಮುಗಿಸಿದಳು.

ಭಾನುವಾರ ಕೆರೆಯ ಮೇಲೆ ಇನ್ನೂ ಮಂಜಿತ್ತು. ಸಾಮೂಹಿಕ ಬೇಸಾಯದ ಮೇಸ್ತ್ರಿ ಕಂಡರೆ ಮೇಲಿನವರಿಗೆ ದೂರು ಕೊಡುತ್ತಾನೆ, ಅವನು ಏಳುವ ಮೊದಲು ಮುಗಿಸಬೇಕೆಂದು ಎಲ್ಲರೂ ಬೇಗ ಬಂದಿದ್ದರು. ಹೆಂಗಸರು ಬಿಳಿ ಅಂಗಿಯಲ್ಲಿ, ದೋಮ್ಕಾ ದಿನದ ಲಂಗದಲ್ಲಿ. ಪಲಾಜ್ಕಾ ಚಾದರದ ಗಂಟು ಹೊತ್ತು ಬಂದು, ಯಾರೂ ಕರೆಯದಿದ್ದರೂ, ತನ್ನ ಹಳೆಯ ಜಾಗದಲ್ಲೇ ನಿಂತಿದ್ದಳು. ಕೊರ್ನೀಲ್ ಕೀರ್ತನೆ ಎತ್ತಿದ. ಹೆಂಗಸರು ಸಣ್ಣ ದನಿಯಲ್ಲಿ ಹಾಡಿದರು. ಹಾಡು ಮುಗಿದರೂ ದೆಮ್ಯಾನ್ ಬೂಟು ಕಳಚಲಿಲ್ಲ.

"ಸೋದರಾ, ಬೂಟು" ಅಂದ ಕೊರ್ನೀಲ್.

"ನಾನು ಇಳಿಯಲ್ಲ ಅಣ್ಣಾ. ಇವರಿಗೆಲ್ಲ ಆಗಿದೆ."

"ಏನು ಮಾತು ಇದು?"

"ನಿಮ್ಮ ಮುಂದೆ ನಾನು ಸುಳ್ಳು ಹೇಳಿದೆ. ಕೊಟ್ಟಿದ್ದು ಸಾವಾ ಅಲ್ಲ, ನನ್ನ ಹೆಂಡತಿ. ನನ್ನ ದೊಡ್ಡ ಮಗಳು ಇದೇ ನೀರಿಂದ ಎದ್ದು ಕರ್ತನ ಹತ್ತಿರ ಹೋಗಿದ್ದಾಳೆ. ಅವಳನ್ನ ವಾಪಸ್ ಕರೆದು ಇನ್ನೊಂದು ಸಲ ಮುಳುಗು ಅನ್ನೋಕೆ ನನ್ನಿಂದಾಗಲ್ಲ. ಅವಳದು ಸರಿ ಅಂದ ಮೇಲೆ ಇವರದೂ ಸರಿ."

ಕೊರ್ನೀಲ್ ಬೆರಳಿಲ್ಲದ ಕೈಯಿಂದ ಗಡ್ಡ ಉಜ್ಜಿಕೊಂಡ. ಅವನಿಗೂ ಕಷ್ಟವಾಗಿತ್ತು ಎಂದು ಕಾಣುತ್ತಿತ್ತು. "ಹಾಗಾದ್ರೆ ನಿನ್ನನ್ನ ಹಿರಿಯ ಅಂತ ನೇಮಿಸೋಕಾಗಲ್ಲ. ನಿಮ್ಮ ಸಭೆಯನ್ನ ನಮ್ಮ ಜೊತೆ ಸೇರಿಸ್ಕೊಳ್ಳೋಕೂ ಆಗಲ್ಲ. ಗೊತ್ತಲ್ಲ?"

"ಗೊತ್ತು."

ಕೊರ್ನೀಲ್ ಎಲ್ಲರ ಕೈ ಕುಲುಕಿದ, ಯುಸ್ತಿನಾಳದೂ. ಆಮೇಲೆ ಹಾಲಿನ ಲಾರಿ ಹಿಡಿಯಲು ರಸ್ತೆಯ ಕಡೆ ನಡೆದ. ಹೆಂಗಸರು ಏನು ಮಾಡಬೇಕೋ ತಿಳಿಯದೆ ಒಣ ಅಂಗಿಯಲ್ಲಿ ನಿಂತಿದ್ದರು. "ಸುಟ್ಟಿದ್ದೂ ದಂಡ, ಇಸ್ತ್ರಿ ಮಾಡಿದ್ದೂ ದಂಡ" ಎಂದು ಒರೀನಾ ತನ್ನ ಅಂಗಿಯ ಕಂದು ಕಲೆ ತೋರಿಸಿದಾಗ ಯಾರೋ ನಕ್ಕರು. ನಕ್ಕವರೇ ಅಳುತ್ತಾ ಒಬ್ಬೊಬ್ಬರಾಗಿ ಮನೆ ಹಾದಿ ಹಿಡಿದರು. ದೋಮ್ಕಾ ತಂದೆಯ ಹತ್ತಿರ ಬಂದು, "ಹಸು ಕರೀಬೇಕು, ನಾನು ಮುಂದೆ ಹೋಗ್ತೀನಿ ಅಪ್ಪಾ" ಅಂದಳು. ಅಷ್ಟು ದಿನಗಳಲ್ಲಿ ಅವನ ಜೊತೆ ಆಡಿದ ಮೊದಲ ಮಾತು ಅದು.

ದಂಡೆಯ ಮೇಲೆ ಮೂವರು ಉಳಿದರು.

"ಎಲ್ಲಿ ನಿಲ್ಲಿಸಿದ್ದೆ ವಸಿಲೀನಾನ?" ಎಂದು ಕೇಳಿದ ದೆಮ್ಯಾನ್.

"ಆ ಬಗ್ಗಿದ ಮರದ ನೇರಕ್ಕೆ. ಆ ಕಡೆ ಹೂಳು ಜಾಸ್ತಿ."

ಈಗ ಅವನು ಬೂಟು ಕಳಚಿದ. ಷರಾಯಿ ಮಡಚುವ ಗೋಜಿಗೆ ಹೋಗದೆ ನೀರಿಗಿಳಿದ. ಮೊಣಕಾಲು, ಸೊಂಟ, ಎದೆ. ತಿರುಗಿ ನೋಡಿದ.

"ಇಲ್ಲೇನಾ?"

"ಇನ್ನೂ ಸ್ವಲ್ಪ ಎಡಕ್ಕೆ. ಹಾಂ, ಅಲ್ಲೇ."

"ಹೆದರಿದ್ಲಾ?"

"ಕೆಸರಿಗೆ ಹೆದರಿದ್ಲು. ಕಾಲಿಗೆ ಏನೋ ಹತ್ತುತ್ತೆ ಅಂತ ಕಿರುಚಿದ್ಲು. ನೀರಿಗೇನೂ ಹೆದರ್ಲಿಲ್ಲ."

ಅವನು ಅಲ್ಲೇ ನಿಂತ. ಬೊಗಸೆಯಲ್ಲಿ ನೀರು ತೆಗೆದು ಮುಖಕ್ಕೆ ಹಾಕಿಕೊಂಡ, ಮತ್ತೆ ತೆಗೆದು ಹಾಕಿಕೊಂಡ. ಅವನು ಅಳುತ್ತಿರುವುದು ದಂಡೆಗೆ ಕೇಳಿಸುತ್ತಿತ್ತು. ಯುಸ್ತಿನಾ ತನ್ನ ಬೂಟು ಕಳಚಿ, ಲಂಗ ನೆನೆಯುತ್ತಿದ್ದರೂ ಲಕ್ಷಿಸದೆ ಇಳಿದು ಹೋಗಿ ಅವನ ಪಕ್ಕದಲ್ಲಿ ನಿಂತಳು.

"ಸಾಕು ಬರ್ರೋ ಮೇಲೆ!" ಎಂದು ಪಲಾಜ್ಕಾ ಕೂಗಿದಳು. "ಇಬ್ಬರಿಗೂ ಎದೆಗೆ ಶೀತ ಹಿಡಿದ್ರೆ ಕಷಾಯ ಕಾಯಿಸೋಳು ನಾನೇ ತಾನೆ!"

ಬೈಯುತ್ತಲೇ ಅವಳು ಚಾದರದ ಗಂಟು ಬಿಚ್ಚಿ, ಒಂದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ನೀರಿನ ಅಂಚಿಗೆ ಬಂದು ನಿಂತಳು.